ಹಿತ್ತಲ ಗಿಡದ ಚರಿತ್ರೆ

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಕೈಗೆಟಕುವಷ್ಟು ಹತ್ತಿರದಲ್ಲಿರುವುದಕ್ಕೆ ನಾವು ಬೆಲೆ ಕೊಡುವುದಿಲ್ಲ ಎಂಬುದು ಇದರ ತಾತ್ಪರ್ಯ. ಮದ್ದಿಗೆ ಸಲ್ಲುವ ಈ ಮಾತು ಚರಿತ್ರೆಗೂ ಸಲ್ಲುತ್ತದೆ. ಚರಿತ್ರೆ ಎಂದೊಡನೆ ನಮ್ಮ ಕಣ್ಣೆದುರು ಕೋಟೆ, ಶಾಸನ, ಯುದ್ಧ, ಒಪ್ಪಂದಗಳು ಬಂದು ನಿಲ್ಲುತ್ತವೆ. ಅಡುಗೆಮನೆಯ ಹಿಂಬಾಗಿಲು ತೆರೆದರೆ ಕಾಣುವ ಪರಂಗಿ ಗಿಡಕ್ಕೂ ಅಂಗಳದ ಮೂಲೆಯ ಬ್ರಹ್ಮಕಮಲಕ್ಕೂ ಒಂದೊಂದು ಚರಿತ್ರೆ ಇದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ.

ಬೆಂಗಳೂರಿನ ಹಳೆಯ ಬಡಾವಣೆಗಳ ಮನೆಯಂಗಳವನ್ನು ಒಂದು ವರ್ಷ ಗಮನಿಸಿ ನೋಡಿ. ಹೂವಿಲ್ಲದ ತಿಂಗಳು ಸಿಗುವುದು ಕಷ್ಟ. ಬೇಸಿಗೆಗೆ ಮಲ್ಲಿಗೆ, ಮಳೆಗಾಲಕ್ಕೆ ಬ್ರಹ್ಮಕಮಲ, ನವರಾತ್ರಿಯ ಹೊತ್ತಿಗೆ ಪಾರಿಜಾತ, ಆಮೇಲೆ ಸೇವಂತಿಗೆ, ಚಳಿಗೆ ಚಪ್ಪರದವರೆ. ಒಂದರ ಸರದಿ ಮುಗಿಯುತ್ತಿದ್ದಂತೆ ಇನ್ನೊಂದು ಬರುತ್ತದೆ. ಇದು ತನ್ನಷ್ಟಕ್ಕೆ ಒದಗಿಬಂದ ಪ್ರಕೃತಿಯ ಕೊಡುಗೆ ಎಂದು ನಾವು ತಿಳಿದಿದ್ದೇವೆ. ಊರಿನ ಹವೆ ಪ್ರಕೃತಿಯದು, ಸರಿ. ಆದರೆ ಈ ಸರದಿಯನ್ನು ಹೊಂದಿಸಿದವರು ಮನುಷ್ಯರು. ದೂರ ದೇಶಗಳಿಂದ ಗಿಡ ತಂದವರು, ಕಾಲ ನೋಡಿ ನೆಟ್ಟವರು, ಬಾವಿಯಿಂದ ನೀರು ಸೇದಿ ಹಾಕಿದವರು ಇದನ್ನು ನಾನೂರು ಐನೂರು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕಟ್ಟಿದರು. ಕಟ್ಟಿದ್ದನ್ನು ಕಳೆದುಕೊಳ್ಳುವುದೂ ಸಾಧ್ಯ. ಆದ್ದರಿಂದ ಅದು ಹೇಗೆ ಕಟ್ಟಲ್ಪಟ್ಟಿತು ಎಂಬುದನ್ನು ತಿಳಿಯಬೇಕು.

ಬಚ್ಚಲ ನೀರು, ಬಾಳೆಯ ಬುಡ

ಬಂಗಲೆಯ ಮುಂದಿನ ಹುಲ್ಲುಹಾಸು ನಮ್ಮಲ್ಲಿಗೆ ಬರುವುದಕ್ಕೆ ಬಹಳ ಮುಂಚೆಯೇ ಮನೆಯ ಹಿಂದೆ ಹಿತ್ತಲಿತ್ತು. ಅದರ ವಿನ್ಯಾಸವನ್ನು ನಿರ್ಧರಿಸುತ್ತಿದ್ದುದು ನೀರು. ಬಚ್ಚಲಿನಿಂದ ಹರಿದುಬರುವ ನೀರಿನ ದಾರಿಯಲ್ಲಿ ಬಾಳೆ, ಕೆಸುವು; ತುಸು ಒಣ ಜಾಗದಲ್ಲಿ ನುಗ್ಗೆ, ಕರಿಬೇವು; ಬಾವಿಕಟ್ಟೆಯ ಪಕ್ಕದಲ್ಲಿ ದೊಡ್ಡಪತ್ರೆ, ವೀಳ್ಯದೆಲೆಯ ಬಳ್ಳಿ; ಅಂಗಳದ ನಡುವೆ ತುಳಸಿಕಟ್ಟೆ. ಒಮ್ಮೆ ಬಳಸಿದ ನೀರು ಮತ್ತೊಮ್ಮೆ ಕೆಲಸಕ್ಕೆ ಬರುತ್ತಿತ್ತು. ಈ ಹಿತ್ತಲಿನ ಆಡಳಿತವೆಲ್ಲ ಹೆಚ್ಚಾಗಿ ಮನೆಯ ಹೆಂಗಸರ ಕೈಯಲ್ಲಿತ್ತು. ಯಾವ ಬೀಜ ತೆಗೆದಿಡಬೇಕು, ಯಾವ ಬಳ್ಳಿಗೆ ಎಲ್ಲಿ ಚಪ್ಪರ ಕಟ್ಟಬೇಕು ಎಂಬುದು ಅವರಿಗೆ ಗೊತ್ತಿತ್ತು. ಅವರ ಹೆಸರುಗಳು ಯಾವ ದಾಖಲೆಯಲ್ಲೂ ಇಲ್ಲ. ಅವರು ಒಲೆಯ ಬೂದಿ ಬೆರೆಸಿ ತೆಗೆದಿಟ್ಟ ಬೀಜಗಳ ಸಂತತಿ ಮಾತ್ರ ಇಂದಿಗೂ ಉಳಿದಿದೆ.

ಗಿಡ ಬೆಳೆಸುವ ವಿದ್ಯೆ ಕನ್ನಡದಲ್ಲಿ ಬರಹಕ್ಕೆ ಇಳಿದದ್ದೂ ಬಹಳ ಹಿಂದೆ. ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯನು 'ಲೋಕೋಪಕಾರ' ಎಂಬ ಗ್ರಂಥವನ್ನು ರಚಿಸಿದನು. ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಬೇರೆ, ಈತ ಬೇರೆ. ನಿತ್ಯ ಜೀವನಕ್ಕೆ ಬೇಕಾದ ಹತ್ತಾರು ವಿಷಯಗಳ ಜೊತೆಗೆ ನೆಲದಡಿಯ ನೀರನ್ನು ಗುರುತಿಸುವ ಬಗೆ ಮತ್ತು ವೃಕ್ಷಾಯುರ್ವೇದ, ಎಂದರೆ ಗಿಡಮರಗಳ ಆರೈಕೆ, ಈ ಗ್ರಂಥದಲ್ಲಿ ಸೇರಿವೆ. ಸಾವಿರ ವರ್ಷದ ಹಿಂದಿನ ಓದುಗನಿಗೂ ನೀರು ಮತ್ತು ಗಿಡ ಒಂದಕ್ಕೊಂದು ಅಂಟಿಕೊಂಡ ವಿಷಯಗಳಾಗಿದ್ದವು ಎಂಬುದನ್ನು ಗಮನಿಸಿ.

ಹಿತ್ತಲಿಗೆ ತನ್ನದೇ ಆದ ಪಂಚಾಂಗವೂ ಇತ್ತು. ನಮ್ಮ ರೈತರು ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದ ಕರೆಯುತ್ತಾರೆ: ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರೆ, ಆರಿದ್ರಾ, ಹೀಗೆ. ಇದರ ಹಿಂದಿನ ಲೆಕ್ಕ ಸರಳ. ಸೂರ್ಯನು ಆಕಾಶದಲ್ಲಿ 27 ನಕ್ಷತ್ರಗಳ ಹಾದಿಯನ್ನು ಒಂದು ವರ್ಷದಲ್ಲಿ ಕ್ರಮಿಸಿದಂತೆ ಕಾಣುತ್ತಾನೆ. 365ನ್ನು 27ರಿಂದ ಭಾಗಿಸಿದರೆ ಸುಮಾರು ಹದಿಮೂರೂವರೆ ದಿನ. ಒಂದೊಂದು ಮಳೆಯ ಅವಧಿ ಅಷ್ಟು. ಏಪ್ರಿಲ್ ಕೊನೆಯ ವಾರದಲ್ಲಿ ಭರಣಿ, ಜೂನ್ ಮೊದಲ ವಾರ ಕಳೆಯುತ್ತಲೇ ಮೃಗಶಿರೆ, ಅಕ್ಟೋಬರ್ ಎರಡನೆಯ ವಾರದಲ್ಲಿ ಚಿತ್ತೆ. ಇದರಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ತಿಳಿಯಬೇಕಾದ ಒಂದು ಸೂಕ್ಷ್ಮವಿದೆ. ಭೂಮಿಯ ಅಕ್ಷವು ಬುಗುರಿಯಂತೆ ಬಹು ನಿಧಾನವಾಗಿ ಓಲಾಡುವುದರಿಂದ ನಕ್ಷತ್ರದ ಲೆಕ್ಕಕ್ಕೂ ಋತುವಿನ ಲೆಕ್ಕಕ್ಕೂ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅಂತರ ಬೀಳುತ್ತಾ ಹೋಗುತ್ತದೆ. ಪಂಚಾಂಗ ಹೀಗೆ ಜಾರಿದರೂ ಗಿಡ ಪಂಚಾಂಗ ನೋಡುವುದಿಲ್ಲ. ಅದು ನೋಡುವುದು ಮಣ್ಣಿನ ತೇವ, ಗಾಳಿಯ ತಂಪು ಮತ್ತು ಹಗಲು ರಾತ್ರಿಗಳ ಉದ್ದ.

ಹಬ್ಬಗಳು ಈ ಪಂಚಾಂಗದ ಗುರುತುಗಳು. ಯುಗಾದಿಗೆ ಬೇವಿನ ಹೂ ಸಿಗುವುದು, ಗಣೇಶನ ಹಬ್ಬಕ್ಕೆ ಗರಿಕೆ ಮತ್ತು ಬಗೆಬಗೆಯ ಪತ್ರೆಗಳು ಸೊಂಪಾಗಿರುವುದು, ತುಳಸಿ ಹಬ್ಬದ ದಿನ ತುಳಸಿಯ ಪಕ್ಕದಲ್ಲಿ ನೆಡಲು ಕಾಯಿ ತುಂಬಿದ ನೆಲ್ಲಿಯ ಕೊಂಬೆ ದೊರೆಯುವುದು, ಸಂಕ್ರಾಂತಿಗೆ ಅವರೆಕಾಯಿ ಬಂದಿರುವುದು, ಇವು ಯಾವುವೂ ಆಕಸ್ಮಿಕವಲ್ಲ. ಆಯಾ ಕಾಲದಲ್ಲಿ ಹಿತ್ತಲಿನಲ್ಲಿ ಏನಿತ್ತೋ ಅದೇ ಪೂಜೆಗೂ ಅಡುಗೆಗೂ ಒದಗಿತು.

ಹೆಸರೇ ಹೇಳುವ ಕಥೆ

ಈ ಹಿತ್ತಲಿಗೆ ಹದಿನಾರನೆಯ ಶತಮಾನದಿಂದ ಹೊಸ ಅತಿಥಿಗಳು ಬರತೊಡಗಿದರು. 1498ರಲ್ಲಿ ಪೋರ್ಚುಗೀಸರು ಭಾರತಕ್ಕೆ ಸಮುದ್ರಮಾರ್ಗ ಕಂಡುಕೊಂಡರು. 1510ರಲ್ಲಿ ಗೋವೆಯನ್ನು ಹಿಡಿದರು. ಅಷ್ಟರಲ್ಲಿ ಅಮೆರಿಕ ಖಂಡದ ಗಿಡಗಳು ಯುರೋಪಿನವರ ಕೈಸೇರಿದ್ದವು. ಅವರ ಹಡಗುಗಳಲ್ಲಿ ಆ ಗಿಡಗಳು ನಮ್ಮ ಕರಾವಳಿಗೆ ಇಳಿದವು. ಇದನ್ನು ತಿಳಿಯಲು ದಾಖಲೆಗಳನ್ನೇ ಹುಡುಕಬೇಕಾಗಿಲ್ಲ, ನಮ್ಮ ಮಾತಿನಲ್ಲಿಯೇ ಅದು ಅಡಗಿದೆ. ಯುರೋಪಿನವರನ್ನು ನಮ್ಮ ಹಿರಿಯರು ಪರಂಗಿಯವರು ಎನ್ನುತ್ತಿದ್ದರು. ಅವರ ಮೂಲಕ ಬಂದ ಹಣ್ಣು ಪರಂಗಿ ಹಣ್ಣಾಯಿತು. ಆ ಗಿಡದ ತವರು ಮಧ್ಯ ಅಮೆರಿಕ. ಕಾರಕ್ಕೆ ನಮಗೆ ಮೊದಲು ಗೊತ್ತಿದ್ದುದು ಮಲೆನಾಡಿನ ಬಳ್ಳಿಯ ಮೆಣಸು. ಹೊಸದಾಗಿ ಬಂದ ಅಮೆರಿಕದ ಕಾಯಿ ಅದರಂತೆಯೇ ಕಾರವಾಗಿದ್ದುದರಿಂದ ಅದು ಮೆಣಸಿನಕಾಯಿ ಎನಿಸಿತು. ಇಂದು ಮೆಣಸಿನಕಾಯಿಯಿಲ್ಲದ ಕನ್ನಡದ ಅಡುಗೆಯನ್ನು ಊಹಿಸುವುದೇ ಕಷ್ಟ. ಆದರೆ ಕಲ್ಯಾಣದ ಅರಸರಿಗಾಗಲಿ ವಚನಕಾರರಿಗಾಗಲಿ ಅದರ ರುಚಿ ಗೊತ್ತಿರಲಿಲ್ಲ.

'ಸೀಮೆ' ಎಂಬ ಮಾತನ್ನೂ ಗಮನಿಸಿ. ಸೀಮೆಎಣ್ಣೆ, ಸೀಮೆಸುಣ್ಣ ಎನ್ನುವಾಗ ಇದು ಹೊರನಾಡಿನಿಂದ ಬಂದದ್ದು ಎಂಬ ಸೂಚನೆಯಿದೆ. ಬೇಲಿಯಲ್ಲಿ ಬೆಳೆದು ಮಕ್ಕಳಿಗೆ ಸುರುಳಿ ಸುರುಳಿ ಕಾಯಿ ಕೊಡುವ ಸೀಮೆಹುಣಸೆಯ ಮೂಲ ಮೆಕ್ಸಿಕೊ ಮತ್ತು ಅದರ ನೆರೆಯ ದೇಶಗಳು. ಚಪ್ಪರದ ಮೇಲೆ ಹಬ್ಬುವ ಸೀಮೆಬದನೆಯೂ ಅಲ್ಲಿಯದೇ. ದೀಪಾವಳಿ, ದಸರೆಗಳ ತೋರಣದಲ್ಲಿ ಮೆರೆಯುವ ಚೆಂಡುಹೂವೂ ಮೆಕ್ಸಿಕೊದಿಂದಲೇ ಬಂದದ್ದು. ಎಲ್ಲಕ್ಕಿಂತ ಸೋಜಿಗದ ಕಥೆ ನಮ್ಮ ಮನೆಗಳ ಬ್ರಹ್ಮಕಮಲದ್ದು. ಮಳೆಗಾಲದ ಒಂದು ರಾತ್ರಿ ಅದು ಅರಳುತ್ತದೆಂದು ಗೊತ್ತಾದರೆ ಅಕ್ಕಪಕ್ಕದ ಮನೆಯವರೆಲ್ಲ ಕೂಡುತ್ತಾರೆ. ಕೆಲವರು ಆರತಿಯನ್ನೂ ಎತ್ತುತ್ತಾರೆ. ಇಷ್ಟು ಭಕ್ತಿಗೆ ಪಾತ್ರವಾದ ಈ ಗಿಡ ಅಮೆರಿಕದ ಕಾಡುಗಳ ಒಂದು ಕಳ್ಳಿ. ಮರಗಳ ಮೇಲೆ ನೆಲೆಸಿ ಬೆಳೆಯುವ ಜಾತಿ. ಹಿಮಾಲಯದ ಎತ್ತರದಲ್ಲಿ ಬೆಳೆಯುವ ನಿಜವಾದ ಬ್ರಹ್ಮಕಮಲಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಪರದೇಶದ ಗಿಡಕ್ಕೆ ದೇವರ ಹೆಸರಿಟ್ಟು ಮನೆಯವಳನ್ನಾಗಿ ಮಾಡಿಕೊಂಡದ್ದು ನಮ್ಮ ಹಿತ್ತಲಿನ ದೊಡ್ಡ ಗುಣ. ಅದು ಬಂದವರನ್ನು ಸೇರಿಸಿಕೊಳ್ಳುತ್ತಾ ಬೆಳೆಯಿತು.

ಲಾಲ್‌ಬಾಗಿನಿಂದ ಮನೆಯಂಗಳಕ್ಕೆ

ಬೆಂಗಳೂರಿನಲ್ಲಿ ಈ ಸೇರ್ಪಡೆಗೆ ವ್ಯವಸ್ಥಿತ ರೂಪ ಬಂದದ್ದು ಲಾಲ್‌ಬಾಗಿನಿಂದ. 1760ರಲ್ಲಿ ಹೈದರಾಲಿ ಈ ತೋಟವನ್ನು ಆರಂಭಿಸಿದನು. ಅವನ ಮಗ ಟಿಪ್ಪು ಸುಲ್ತಾನ ಅದನ್ನು ಬೆಳೆಸಿ, ಪರ್ಷಿಯ, ಟರ್ಕಿ, ಮಾರಿಷಸ್ ಮುಂತಾದ ದೇಶಗಳಿಂದ ಗಿಡ ಮತ್ತು ಬೀಜಗಳನ್ನು ತರಿಸಿದನು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆದನು. ಬೆಂಗಳೂರಿನ ತೋಟಗಳನ್ನು ಅವನು ಕಂಡಾಗ ಅವು ಚೌಕ ಚೌಕವಾದ ಪಾತಿಗಳಾಗಿ ವಿಂಗಡವಾಗಿದ್ದವು. ಒಂದೊಂದು ಪಾತಿಯಲ್ಲಿ ಒಂದೊಂದೇ ಜಾತಿಯ ಗಿಡ. ಇಲ್ಲಿ ಗುಲಾಬಿ, ಅಲ್ಲಿ ದಾಳಿಂಬೆ. ನಡುವಿನ ಹಾದಿಗಳ ಅಂಚಿಗೆ ಸೈಪ್ರೆಸ್ ಮರಗಳು. ತಂಪು ದೇಶಗಳ ಸೇಬು, ಪೀಚ್‌ಗಳೂ ಇಲ್ಲಿ ಕಾಯಿ ಬಿಡುತ್ತಿದ್ದುದನ್ನು ಅವನು ಗುರುತಿಸಿದ್ದಾನೆ.

ಇಂಥ ತೋಟಗಳಲ್ಲಿ ದುಡಿದ ಕೈಗಳು ಯಾರವು? ತೋಟಗಾರಿಕೆಯಲ್ಲಿ ತಲೆಮಾರುಗಳಿಂದ ನುರಿತ ತಿಗಳ ಸಮುದಾಯದವರ ಪಾತ್ರ ಇಲ್ಲಿ ದೊಡ್ಡದು. ಕೆರೆಗಳ ಆಸುಪಾಸಿನಲ್ಲಿ ಹೂವು, ಸೊಪ್ಪು, ತರಕಾರಿ ಬೆಳೆದು ಊರಿಗೆ ಉಣಿಸಿದವರು ಅವರು. ಬೆಂಗಳೂರಿನ ಕರಗ ಅವರ ಹಬ್ಬ. ಕರಗದ ಆಚರಣೆ ಇಂದಿಗೂ ನೀರಿನ ನೆಲೆಗಳೊಂದಿಗೆ ಹೆಣೆದುಕೊಂಡಿರುವುದರಲ್ಲಿ ಆಶ್ಚರ್ಯವಿಲ್ಲ. ಕೆರೆಯಿಲ್ಲದೆ ತೋಟವಿರಲಿಲ್ಲ.

1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯತೋಟವಾಯಿತು. ಲಂಡನ್ನಿನ ಕ್ಯೂ ತೋಟದಲ್ಲಿ ತರಬೇತಾದ ವಿಲಿಯಂ ನ್ಯೂ, ಅವರ ನಂತರ 1874ರಿಂದ 1908ರವರೆಗೆ ಜಾನ್ ಕ್ಯಾಮೆರಾನ್ ಅದನ್ನು ನೋಡಿಕೊಂಡರು. ಸೀಮೆಬದನೆಯನ್ನು ಬೆಂಗಳೂರಿಗೆ ಪರಿಚಯಿಸಿದವರು ಕ್ಯಾಮೆರಾನ್. ಅದು ಇಲ್ಲಿ ಎಷ್ಟು ಚೆನ್ನಾಗಿ ಒಗ್ಗಿತೆಂದರೆ ನೆರೆಯ ತಮಿಳರು ಅದನ್ನು ಬೆಂಗಳೂರು ಬದನೆ ಎಂದೇ ಕರೆದರು. ಮೆಕ್ಸಿಕೊದ ಕಾಯಿಗೆ ನಮ್ಮೂರಿನ ವಿಳಾಸ ಸಿಕ್ಕಿತು.

1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಹ್ವಾನದ ಮೇರೆಗೆ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ಮೈಸೂರು ಸಂಸ್ಥಾನಕ್ಕೆ ಬಂದರು. ಅದಕ್ಕೆ ಮುನ್ನ ಅವರು ಬರೋಡದಲ್ಲಿದ್ದರು. 1932ರವರೆಗೆ ಸೇವೆ ಸಲ್ಲಿಸಿ, ನಿವೃತ್ತಿಯ ನಂತರವೂ ಇಲ್ಲಿಯೇ ಉಳಿದು, 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಅವರ ಮುಖ್ಯ ವಿಚಾರವೊಂದಿತ್ತು. ರಸ್ತೆಬದಿಯ ಮರಗಳನ್ನು ಆರಿಸುವಾಗ ನೆರಳನ್ನಷ್ಟೇ ನೋಡದೆ ಅವು ಹೂಬಿಡುವ ಕಾಲವನ್ನೂ ನೋಡಬೇಕು. ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಜಾತಿ ಅರಳುವಂತೆ ನೆಟ್ಟರೆ ನಗರಕ್ಕೆ ವರ್ಷವಿಡೀ ಬಣ್ಣವಿರುತ್ತದೆ. ಇದನ್ನು ಸರದಿ ಹೂ ಎನ್ನಬಹುದು. ದಕ್ಷಿಣ ಅಮೆರಿಕದ ಜಕರಾಂಡ, ಮಡಗಾಸ್ಕರ್ ದ್ವೀಪದ ಗುಲ್‌ಮೊಹರ್, ಬರ್ಮಾ ಕಡೆಯ ಆಕಾಶಮಲ್ಲಿಗೆ ಮುಂತಾದವು ನಮ್ಮ ಬೀದಿಗಳ ಗಡಿಯಾರವಾದದ್ದು ಹೀಗೆ. ಆ ಪರಂಪರೆ ಮುಂದೆಯೂ ನಡೆಯಿತು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ನೇತೃತ್ವದಲ್ಲಿ ನಗರದ ಬೀದಿಗಳಲ್ಲಿ ಲಕ್ಷಗಟ್ಟಲೆ ಸಸಿಗಳು ನಾಟಿಯಾದವು.

ಬೀದಿಯ ಈ ವಿಚಾರ ಮನೆಯಂಗಳಕ್ಕೆ ದಾಟಲು ಇನ್ನೊಂದು ಘಟನೆಯೂ ಕಾರಣ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿಯಿತು. ಕಿಕ್ಕಿರಿದ ಪೇಟೆಯನ್ನು ಬಿಟ್ಟು ಜನರು ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳಿಗೆ ಬಂದರು. ಗಾಳಿ ಬೆಳಕು ಧಾರಾಳವಾಗಿರಬೇಕು ಎಂಬುದು ಆ ಬಡಾವಣೆಗಳ ಉದ್ದೇಶವಾಗಿತ್ತು. ಮನೆಯ ಸುತ್ತ ಜಾಗ ಬಿಡುವುದು ರೂಢಿಯಾಯಿತು. ಮುಂದೆ ಬಂಗಲೆಯ ಮಾದರಿಯ ಹೂದೋಟ, ಹಿಂದೆ ನಮ್ಮದೇ ಹಿತ್ತಲು. ಎರಡು ಪರಂಪರೆಗಳು ಒಂದೇ ಕಾಂಪೌಂಡಿನೊಳಗೆ ಕೂಡಿದವು. ಮಲ್ಲೇಶ್ವರದ ಮುಖ್ಯ ಬೀದಿಗಳಿಗೆ ಸಂಪಿಗೆಯ ಹೆಸರು, ಬೇವಿನ ಇಂಗ್ಲಿಷ್ ಹೆಸರು ಬಂದದ್ದು ಆ ಕಾಲದ ಅಭಿರುಚಿಯನ್ನು ತೋರಿಸುತ್ತದೆ. ಕ್ರುಂಬಿಗಲ್ಲರ ನಂತರ ಎಚ್.ಸಿ. ಜವರಾಯ, ಆಮೇಲೆ ಎಂ.ಎಚ್. ಮರೀಗೌಡ ಅವರು ತೋಟಗಾರಿಕೆಯನ್ನು ಸಾಮಾನ್ಯರ ಬಳಿಗೆ ಒಯ್ದರು. ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಗಳಿಗೆ ಹೋದವರು ಬರಿಗೈಯಲ್ಲಿ ಮರಳುವುದು ಕಡಿಮೆ. ಒಂದು ಸಸಿಯೋ ಒಂದು ಪೊಟ್ಟಣ ಬೀಜವೋ ಮನೆಗೆ ಬರುತ್ತದೆ.

ವರ್ಷವೆಂಬ ಪಾಠ

ಈಗ ಅಂಗಳದಲ್ಲಿ ವರ್ಷ ಹೇಗೆ ಸಾಗುತ್ತದೆ ನೋಡೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ವರ್ಷದ ಮಳೆ ಸರಾಸರಿ ಒಂದು ಸಾವಿರ ಮಿಲಿಮೀಟರಿಗೆ ತುಸು ಕಡಿಮೆ. ವಿಶೇಷವೆಂದರೆ ಅದು ಒಂದೇ ಸಲ ಸುರಿಯುವುದಿಲ್ಲ. ಮೇ ತಿಂಗಳ ಗುಡುಗಿನ ಮಳೆ, ನೈಋತ್ಯ ಮುಂಗಾರು, ಈಶಾನ್ಯ ಹಿಂಗಾರು ಎಂದು ಹಂಚಿಕೊಂಡು ಬರುತ್ತದೆ. ಸೆಪ್ಟೆಂಬರ್ ಅತಿ ಹೆಚ್ಚು ಮಳೆಯ ತಿಂಗಳು. ಕಡುಬಿಸಿಲೂ ಅಲ್ಲದ, ಹಿಮವೂ ಬೀಳದ ಈ ಎತ್ತರದಲ್ಲಿ ನಾನಾ ದೇಶಗಳ ಗಿಡಗಳು ಒಟ್ಟಿಗೆ ಬಾಳಲು ಇದೇ ಕಾರಣ.

ಯುಗಾದಿಯ ಹೊತ್ತಿಗೆ ಹೊಂಗೆ ಹೊಸ ಚಿಗುರಿನಿಂದ ಮಿರುಗುತ್ತದೆ. ಬಿಸಿಲು ಬಲಿತಂತೆ ದುಂಡುಮಲ್ಲಿಗೆಗೆ ಸುಗ್ಗಿ. ಕಾಗದದ ಹೂವಿನ ಬಳ್ಳಿಗೆ ನೀರು ಕಡಿಮೆಯಾದಷ್ಟೂ ಬಣ್ಣ ಹೆಚ್ಚು. ಅದರಲ್ಲಿ ನಾವು ದಳವೆಂದು ತಿಳಿಯುವುದು ಬಣ್ಣ ಬಂದ ಎಲೆ, ನಿಜವಾದ ಹೂವು ಒಳಗಿನ ಸಣ್ಣ ಬಿಳಿಯ ಕೊಳವೆ. ಮೊದಲ ಮಳೆ ಬಿದ್ದೊಡನೆ ಮಣ್ಣಿನ ವಾಸನೆ ಏಳುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು ಇದಕ್ಕೆ ಮುಖ್ಯ ಕಾರಣ. ಕೆಲವೇ ದಿನಗಳಲ್ಲಿ, ತಿಂಗಳುಗಟ್ಟಲೆ ಸತ್ತಂತೆ ಮಲಗಿದ್ದ ಗೆಡ್ಡೆಗಳು ಎದ್ದು ಮೇ ಹೂವಿನ ಕೆಂಪು ಚೆಂಡುಗಳು ನೆಲದಿಂದಲೇ ಹೊಮ್ಮುತ್ತವೆ. ಅದರ ತವರು ಆಫ್ರಿಕ.

ಮುಂಗಾರಿನಲ್ಲಿ ಕೊಂಬೆ ನೆಡುವ ಕೆಲಸ. ಮೋಡ ಮುಚ್ಚಿ ಗಾಳಿಯಲ್ಲಿ ತೇವ ತುಂಬಿರುವಾಗ ಎಲೆಗಳಿಂದ ನೀರು ಆವಿಯಾಗುವುದು ಕಡಿಮೆ. ಬೇರಿಲ್ಲದ ದಾಸವಾಳದ ಕಡ್ಡಿಗೆ ಬೇರು ಬಿಡುವಷ್ಟು ಕಾಲ ಜೀವ ಹಿಡಿದುಕೊಳ್ಳಲು ಸಾಧ್ಯವಾಗುತ್ತದೆ. ನೆರೆಮನೆಯಿಂದ ಒಂದು ಕಡ್ಡಿ ಕೇಳಿ ತರುವ ಪದ್ಧತಿ ಮಳೆಗಾಲದಲ್ಲಿ ಬೆಳೆದದ್ದಕ್ಕೆ ಇದು ಶಾಸ್ತ್ರೀಯ ಕಾರಣ. ಅವರೆಯ ಬೀಜ ಊರುವುದೂ ಆಗಲೇ.

ದಸರೆಯ ನಂತರದ ಕಥೆ ಇನ್ನೂ ಕುತೂಹಲಕರ. ಜುಲೈನಲ್ಲಿ ಊರಿದ ನಾಟಿ ಅವರೆ ಬಳ್ಳಿ ಮಳೆಗಾಲವೆಲ್ಲ ಬರೀ ಎಲೆ ಹೊತ್ತು ಚಪ್ಪರ ತುಂಬುತ್ತದೆ, ಹೂ ಬಿಡುವುದಿಲ್ಲ. ರಾತ್ರಿಗಳು ಉದ್ದವಾಗುವವರೆಗೆ ಅದು ಕಾಯುತ್ತದೆ. ಸೇವಂತಿಗೆಯೂ ಹಾಗೆಯೇ. ಹಗಲು ರಾತ್ರಿಗಳ ಅಳತೆ ನೋಡಿ ಗಿಡ ಹೂ ಬಿಡುತ್ತದೆ ಎಂಬುದನ್ನು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಒಂದು ಬಗೆಯ ಹೊಗೆಸೊಪ್ಪಿನ ಗಿಡದ ಮೇಲೆ ಪ್ರಯೋಗ ನಡೆಸಿ ತೋರಿಸಿದರು. ಬೆಂಗಳೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ನಾವು ಗಮನಿಸದ ಆ ಒಂದೂವರೆ ಗಂಟೆಯನ್ನು ಅವರೆ ಬಳ್ಳಿ ಗಮನಿಸುತ್ತದೆ. ಹಾಗೆ ಕಾದದ್ದರ ಫಲ ಡಿಸೆಂಬರ್, ಜನವರಿಯಲ್ಲಿ ಹಿದಕಿದ ಬೇಳೆಯ ಸಾರಾಗಿ ನಮ್ಮ ತಟ್ಟೆಗೆ ಬರುತ್ತದೆ. ಆ ಹೊತ್ತಿಗೆ ಮಾವಿನ ಮರ ಚಳಿಯ ಸೂಚನೆ ಹಿಡಿದು ಹೂ ಬಿಡಲು ಆರಂಭಿಸಿರುತ್ತದೆ. ಹೀಗೆ ವರ್ಷ ತಿರುಗುತ್ತದೆ.

ಟೆಲಿವಿಷನ್ನಿನಲ್ಲಿ ನಮಗೆ ಒಂದು ಹೂ ಅರಳುವುದನ್ನು ಅರ್ಧ ನಿಮಿಷದಲ್ಲಿ ತೋರಿಸಲು ಬರುತ್ತದೆ. ಆದರೆ ಅವರೆಯ ಬಳ್ಳಿ ನಾಲ್ಕು ತಿಂಗಳು ಕಾಯುವುದನ್ನು ಯಾವ ಪರದೆಯೂ ತೋರಿಸಲಾರದು. ಕೈತೋಟದ ಸಂತೋಷದಲ್ಲಿ ಹೆಚ್ಚಿನ ಪಾಲು ಆ ಕಾಯುವಿಕೆಯದೇ.

ನೀರು ಯಾರದು?

ಇಷ್ಟೆಲ್ಲ ಸೊಗಸಿನ ಹಿಂದೆ ಒಂದು ಖರ್ಚಿದೆ, ಅದು ನೀರು. ಬಾವಿ, ಕೆರೆಗಳ ಕಾಲದಲ್ಲಿ ಪ್ರತಿ ಕೊಡವನ್ನೂ ಸೇದಬೇಕಾಗಿದ್ದುದರಿಂದ ನೀರಿನ ಬೆಲೆ ತೋಳಿಗೆ ಗೊತ್ತಿತ್ತು. 1896ರಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳಾಯಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾಯಿತು. 1974ರಲ್ಲಿ ಕಾವೇರಿ ನೀರು ಬಂತು. ಇಂದು ಆ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಮೇಲೆತ್ತಿಸಿಕೊಂಡು ನಮ್ಮ ನಲ್ಲಿಗೆ ಬರುತ್ತದೆ. ನಲ್ಲಿ ತಿರುಗಿಸಿದರೆ ನೀರು ಬರುವಂತಾದ ಮೇಲೆ ಬಚ್ಚಲ ನೀರು ಮೋರಿಗೆ ಹೋಯಿತು. ಬಾಳೆಯ ಬುಡಕ್ಕೆ ಕುಡಿಯುವ ನೀರು ಬಂತು. ಬಾವಿಗಳು ಮುಚ್ಚಿದವು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಬಸ್ ನಿಲ್ದಾಣವೂ ಸಂಪಂಗಿ ಕೆರೆ ಇದ್ದಲ್ಲಿ ಕ್ರೀಡಾಂಗಣವೂ ಬಂದವು.

ಜಾಗವೂ ಕುಗ್ಗಿತು. ಮೂವತ್ತು ನಲವತ್ತರ ನಿವೇಶನದಲ್ಲಿ ಗೋಡೆಯಿಂದ ಗೋಡೆಗೆ ಮನೆ ಕಟ್ಟಿ, ಉಳಿದ ಜಾಗಕ್ಕೆ ಸಿಮೆಂಟು ಬಳಿದರೆ ಬೇರಿಗೂ ಎಡೆಯಿಲ್ಲ, ಮಳೆನೀರು ಇಂಗುವುದಕ್ಕೂ ಎಡೆಯಿಲ್ಲ. 2009ರಲ್ಲಿ ಕಾನೂನು ತಿದ್ದುಪಡಿಯಾಗಿ, ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಯಿತು. 2023ರಲ್ಲಿ ಮುಂಗಾರು ಕೈಕೊಟ್ಟಿತು. ಮರು ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದವು. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರನ್ನು ಕೈತೋಟಕ್ಕೆ ಹಾಕುವಂತಿಲ್ಲ, ವಾಹನ ತೊಳೆಯುವಂತಿಲ್ಲ. ತಪ್ಪಿದರೆ 5,000 ರೂಪಾಯಿ ದಂಡ. ತೋಟಗಳ ಊರು ಎಂದು ಹೆಸರಾದ ನಗರದಲ್ಲಿ ಗಿಡಕ್ಕೆ ನೀರು ಹಾಕುವುದು ಅಪರಾಧವಾದ ದಿನ ಅದು.

ಆ ಆದೇಶ ತಪ್ಪೆಂದು ಹೇಳಲಾಗದು. ಮನುಷ್ಯರ ಬಾಯಾರಿಕೆ ಮೊದಲು, ಗುಲಾಬಿಯದು ಆಮೇಲೆ. ಆದರೆ ಆ ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರನ್ನೂ ತರಕಾರಿ ತೊಳೆದ ನೀರನ್ನೂ ಬಕೆಟ್ಟಿನಲ್ಲಿ ಹಿಡಿದಿಟ್ಟು ಗಿಡಗಳನ್ನು ಉಳಿಸಿಕೊಂಡ ಮನೆಗಳೂ ಇದ್ದವು. ಹಳೆಯ ಹಿತ್ತಲಿಗೆ ಗೊತ್ತಿದ್ದ ವಿದ್ಯೆ ಅದೇ. ನೂರು ವರ್ಷದ ಕೊಳಾಯಿ ನಮಗೆ ಮರೆಸಿದ್ದನ್ನು ಒಂದು ಬರಗಾಲ ನೆನಪಿಗೆ ತಂದಿತು. ಚರಿತ್ರೆ ಓದುವುದರಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಇದೊಂದು ಉತ್ತರ.

ಒಂದು ನೋಟ್‌ಬುಕ್ಕಿನ ಕೆಲಸ

ಕೊನೆಯದಾಗಿ ವಿದ್ಯಾರ್ಥಿಗಳು ಮಾಡಬಹುದಾದ ಒಂದು ಕೆಲಸವನ್ನು ಸೂಚಿಸುತ್ತೇನೆ. ಋತುಗಳು ಮೊದಲಿನಂತಿಲ್ಲ ಎಂದು ಹಿರಿಯರು ಹೇಳುವುದನ್ನು ಕೇಳುತ್ತೇವೆ. 2016ರ ಏಪ್ರಿಲ್ 24ರಂದು ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತು ಎಂಬುದು ಹವಾಮಾನ ಇಲಾಖೆಯ ದಾಖಲೆಯಲ್ಲಿದೆ. ಆದರೆ ನಿಮ್ಮ ಮನೆಯ ಮಾವು ಆ ವರ್ಷ ಯಾವ ದಿನ ಹೂ ಬಿಟ್ಟಿತ್ತು? ಅಜ್ಜಿಯ ಕಾಲದಲ್ಲಿ ಯಾವ ದಿನ ಬಿಡುತ್ತಿತ್ತು? ಬರೆದಿಟ್ಟವರಿಲ್ಲ.

ಬರೆದಿಟ್ಟ ಕಡೆ ಏನಾಗುತ್ತದೆ ನೋಡಿ. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರ 1736ರಿಂದ ತನ್ನ ಎಸ್ಟೇಟಿನಲ್ಲಿ ಮೊದಲ ಹೂ, ಮೊದಲ ಚಿಗುರು, ಕೋಗಿಲೆಯ ಮೊದಲ ಕೂಗು ಯಾವ ದಿನ ಎಂದು ಬರೆಯತೊಡಗಿದನು. ಅವನ ನಂತರ ಮನೆತನದವರು 1958ರವರೆಗೆ ಆ ಕೆಲಸವನ್ನು ಮುಂದುವರಿಸಿದರು. ಜಪಾನಿನ ಕ್ಯೋಟೊ ನಗರದಲ್ಲಿ ಚೆರ್ರಿ ಹೂ ಅರಳಿದ ದಿನಗಳ ದಾಖಲೆ ಒಂಬತ್ತನೆಯ ಶತಮಾನದಿಂದ ಸಿಗುತ್ತದೆ. 2021ರಲ್ಲಿ ಅಲ್ಲಿ ಚೆರ್ರಿ ಮಾರ್ಚ್ 26ರಂದೇ ಪೂರ್ಣ ಅರಳಿತು. ಸಾವಿರದ ಇನ್ನೂರು ವರ್ಷಗಳ ದಾಖಲೆಯಲ್ಲಿ ಅಷ್ಟು ಬೇಗ ಅರಳಿದ್ದು ಅದೇ ಮೊದಲು ಎಂದು ವಿಜ್ಞಾನಿಗಳು ಖಚಿತವಾಗಿ ಹೇಳಲು ಸಾಧ್ಯವಾದದ್ದು, ಹಿಂದೆ ಯಾರೋ ದಿನಚರಿಯಲ್ಲಿ ಒಂದು ಸಾಲು ಬರೆದಿಟ್ಟಿದ್ದರಿಂದ. ನಮ್ಮ ದೇಶದಲ್ಲಿಯೂ 2010ರಲ್ಲಿ 'ಸೀಸನ್‌ವಾಚ್' ಎಂಬ ಯೋಜನೆ ಆರಂಭವಾಗಿ, ಶಾಲಾಮಕ್ಕಳು ತಮ್ಮ ಸುತ್ತಲಿನ ಮರಗಳ ಚಿಗುರು, ಹೂ, ಕಾಯಿಗಳನ್ನು ವಾರ ವಾರ ಗುರುತು ಹಾಕಿಕೊಳ್ಳುವ ಪದ್ಧತಿ ಬೆಳೆದಿದೆ.

ಇದಕ್ಕೆ ಉಪಕರಣ ಬೇಡ, ಹಣ ಬೇಡ, ದೊಡ್ಡ ತೋಟವೂ ಬೇಡ. ಮಹಡಿಯ ಮೇಲಿನ ಒಂದು ಕುಂಡ ಸಾಕು. ಅದೂ ಇಲ್ಲದಿದ್ದರೆ ಶಾಲೆಯ ಎದುರಿನ ಹೊಂಗೆಮರ ಸಾಕು. ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಗಿಡದ ಹೆಸರು, ಅದು ಯಾರ ಮನೆಯಿಂದ ಬಂತು, ನೆಟ್ಟ ದಿನ, ಮೊದಲ ಮೊಗ್ಗು ಕಂಡ ದಿನ, ಮಳೆ ಬಂದ ದಿನ, ಹಾಕಿದ್ದು ಯಾವ ನೀರು, ಇಷ್ಟನ್ನು ಬರೆಯಿರಿ. ಜೊತೆಗೆ ಮನೆಯ ಹಿರಿಯರನ್ನು ಕೇಳಿ ಅವರ ಹಿತ್ತಲಿನಲ್ಲಿ ಏನೇನಿತ್ತು ಎಂಬುದನ್ನು ಒಂದು ಪುಟದಲ್ಲಿ ಬರೆದಿಡಿ. ಅದನ್ನು ಹೇಳಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಮೊದಲ ವರ್ಷ ಅದು ಬರೀ ದಿನಾಂಕಗಳ ಪಟ್ಟಿಯಂತೆ ಕಾಣುತ್ತದೆ. ಮೂರನೆಯ ವರ್ಷ ನಿಮ್ಮ ಗಿಡದ ಸ್ವಭಾವ ನಿಮಗೆ ತಿಳಿದಿರುತ್ತದೆ. ನಲವತ್ತನೆಯ ವರ್ಷ ಅದನ್ನು ಓದುವವರಿಗೆ, ನಮಗೆ ಇಂದು ಬುಕನನ್ ಬರೆದ ವರದಿ ಹೇಗೋ, ಹಾಗೆ ಅದೊಂದು ಚರಿತ್ರೆಯಾಗಿರುತ್ತದೆ.